ಮೂರು ಮಡಿಕೆಯ ಹಾಳೆ

ಕಲಾಶಾಲೆಯ ದಿನಗಳಿಂದ ಆ ಮೂವರೂ ಆಡುತ್ತಿದ್ದದ್ದು ಸರ್ರಿಯಲಿಸ್ಟ್ ಕಲಾವಿದರ ಹಳೆಯ ಆಟ. ಹಾಳೆಯನ್ನು ಮಡಿಸಿ ಒಬ್ಬರು ತಲೆ, ಒಬ್ಬರು ಮೈ, ಒಬ್ಬರು ಕಾಲು ಬರೆಯಬೇಕು. ಇನ್ನೊಬ್ಬರದನ್ನು ನೋಡಬಾರದು, ಯೋಚಿಸಲೂಬಾರದು. ಕೈ ಹೋದತ್ತ ಬಿಡಬೇಕು. ಕಾಲು ಬರೆಯುತ್ತಿದ್ದವನು ವತ್ಸಲೆಯ ಗಂಡ. ಹೋದ ವರ್ಷ ಒಂದು ಬೆಳಿಗ್ಗೆ ಮನೆಯಿಂದ ಹೊರಟವನು ಏನಾದನೋ, ಹೆಣವೂ ಸಿಗಲಿಲ್ಲ.

"ಅವನ ನೆನಪಿಗೆ ಒಂದು ಸಲ ಆಡೋಣ," ಎಂದ ಗೆಳೆಯ ಶ್ರೀಪಾದ. "ಕಾಲಿನ ಜಾಗ ಹಾಗೇ ಇರಲಿ."

ಇಬ್ಬರೂ ಬರೆದ ಮೇಲೆ ವತ್ಸಲೆ ಹಾಳೆ ಬಿಡಿಸಿದಳು. ಅವಳ ಕೈಯಿಂದ ಗಂಡನ ಮುಖವೇ ಮೂಡಿತ್ತು. ಅದರ ಕೆಳಗೆ ಶ್ರೀಪಾದ ಬರೆದ ಅಂಗಿ, ಎದೆಯ ಮೇಲೆ ಗುಂಡಿಯ ಬದಲು ಒಂದು ಸೇಫ್ಟಿ ಪಿನ್ನು. ಕಾಲಿಲ್ಲದ ಆ ಆಕೃತಿ ಬಿಳಿ ಹಾಳೆಯಲ್ಲಿ ತೇಲುತ್ತಿತ್ತು.

"ಈ ಪಿನ್ನು ಯಾಕೆ ಬರೆದೆ?"

"ಯಾಕೋ ಏನೋ. ಕೈ ಬರೀತು, ನಾನಲ್ಲ."

"ಅವನು ಹೋದ ದಿನ ನೀನು ಅವನನ್ನ ನೋಡಲೇ ಇಲ್ಲ, ಅಲ್ವಾ?"

"ಎಷ್ಟು ಸಲ ಹೇಳಲಿ ವತ್ಸಲಾ? ಆ ವಾರವೆಲ್ಲ ನಾನು ಊರಲ್ಲೇ ಇರಲಿಲ್ಲ."

"ಹೊಸಿಲು ದಾಟೋವಾಗ ಅವನ ಅಂಗಿ ಗುಂಡಿ ಕಿತ್ತು ಬಂತು," ಎಂದಳು ಅವಳು. "ಆ ಪಿನ್ನು ಹಾಕಿ ಕಳಿಸಿದ್ದು ನಾನು."