ತಂಗಡಿ ಟೀಯ ಕೀರ್ತಿ

“ನೋಡಪ್ಪಾ ದೊಡ್ಡೀರಪ್ಪ, ರಕ್ತದಾಗಿನ ಕೊಬ್ಬೆಲ್ಲ ಇಳಿದೈತೆ.” ಮಗ್ಗದ ಗುಂಡಿಯಲ್ಲಿ ಕುಳಿತಲ್ಲಿಂದಲೇ ಓಬಳೇಶ್, ಚಳ್ಳಕೆರೆಯ ಲ್ಯಾಬಿನ ರಿಪೋರ್ಟನ್ನು ಗಿರಾಕಿಯ ಮುಂದೆ ರೇಷ್ಮೆ ಸೆರಗು ಹರಡುವ ಠೀವಿಯಲ್ಲಿ ಬಿಡಿಸಿ ಹಿಡಿದ. “ಡಾಕ್ಟ್ರ ಮಾತ್ರೆ ಒಂದೂ ಮುಟ್ಟಿಲ್ಲ. ಬರೀ ತಂಗಡಿ ಹೂವಿನ ಟೀ.”

ನೆರೆಮನೆಯ ದೊಡ್ಡೀರಪ್ಪನ ಎದೆಗೆ ಹೋದ ಬೇಸಿಗೆಯಲ್ಲಷ್ಟೇ ಸ್ಟೆಂಟ್ ಹಾಕಿದ್ದರು. “ಅದು ಹೆಂಗಪ್ಪಾ?” ಎಂದ.

“ರೇಷ್ಮೆ ನೂಲು ಕುದಿಸಿದ್ರೆ ಅಂಟು ಬಿಡಲ್ವಾ? ಹಂಗೇ. ನರದಾಗಿನ ಕೊಬ್ಬು ಬಿಡಿಸ್ತೈತೆ.”

ಮೊಳಕಾಲ್ಮೂರಿನಲ್ಲಿ ಇದಕ್ಕಿಂತ ದೊಡ್ಡ ಪುರಾವೆ ಬೇಕಿರಲಿಲ್ಲ. ದೊಡ್ಡೀರಪ್ಪ ಅಂಗಿಯ ಜೇಬಿನಿಂದ ಮಾತ್ರೆಗಳ ಪಟ್ಟಿ ತೆಗೆದು, ತುಂಡುನೂಲಿನ ಬುಟ್ಟಿಗೆ ಎಸೆದ. “ನಂದೂ ಇವತ್ತಿಗೆ ಮುಗೀತು.”

ಎರಡು ಲೋಟ ಟೀ ಹಿಡಿದು ಬಂದ ಓಬಳೇಶನ ಹೆಂಡತಿ ಜ್ಯೋತಿಲಕ್ಷ್ಮಿ ಬಾಗಿಲಲ್ಲೇ ನಿಂತಳು. ಗಂಡ ಮಾತ್ರೆ ಒಲ್ಲೆನೆಂದು ಹಟ ಹಿಡಿದಂದಿನಿಂದ, ಪ್ರತಿ ಸಂಜೆ ಅದನ್ನು ಪುಡಿಮಾಡಿ ಅವನ ಟೀಯಲ್ಲಿ ಕದಡುತ್ತಿದ್ದವಳು ಅವಳೇ. ಆ ಕಹಿಯನ್ನು ಆತ ಹೂವಿನ ಸತ್ವವೆಂದು ಹೊಗಳಿ ಚಪ್ಪರಿಸುತ್ತಿದ್ದ. ಈಗ ಬಾಯಿಬಿಟ್ಟರೆ ಆತ ಇನ್ನೆಂದೂ ಅವಳ ಕೈಯ ಲೋಟ ಮುಟ್ಟಲಿಕ್ಕಿಲ್ಲ. ಬಿಡದಿದ್ದರೆ ದೊಡ್ಡೀರಪ್ಪ ಬರೀ ಹೂವಿನ ನೀರು ಕುಡಿದು ಜೀವ ಕಳೆದುಕೊಂಡಾನು. ಅವನ ಹೆಂಡತಿ ಸೂರಮ್ಮನ ಮುಖ ಕಣ್ಣಿಗೆ ಕಟ್ಟಿತು.

“ರೀ, ಬರೀ ಬಿಸಿನೀರಿಗೆ ರೇಷ್ಮೆ ಅಂಟು ಬಿಡ್ತೈತಾ? ಸೋಪು ಬ್ಯಾಡ್ವಾ?”

“ಏಮೇ, ಹಂಗಂದ್ರೇನು?”

“ನಿಮ್ಮ ಟೀಗೆ ಸೋಪು ಹಾಕ್ತಿರೋಳು ನಾನು.” ಮುಂದೆ ಬಂದು ಲೋಟಗಳನ್ನಿಳಿಸಿ, ಸೊಂಟಕ್ಕೆ ಸಿಕ್ಕಿಸಿದ್ದ ಮಾತ್ರೆಯ ಪಟ್ಟಿಯನ್ನು ಮಗ್ಗದ ಮೇಲಿಟ್ಟಳು. ಅರ್ಧ ಖಾಲಿಯಾಗಿತ್ತು. “ದಿನಾ ಒಂದು, ಪುಡಿ ಮಾಡಿ.”

ಓಬಳೇಶ್ ಪಟ್ಟಿಯನ್ನು ನೋಡಿದ, ರಿಪೋರ್ಟನ್ನು ನೋಡಿದ. ಬಸ್‌ಸ್ಟ್ಯಾಂಡಿನಿಂದ ಕ್ಷೌರದಂಗಡಿಯವರೆಗೆ ತಾನು ಮಾಡಿದ ಭಾಷಣಗಳೆಲ್ಲ ಒಮ್ಮೆಗೇ ನೆನಪಾದವೋ ಏನೋ, ಕಿವಿ ಕೆಂಪಾಯಿತು. ಆಮೇಲೆ ಗಂಟಲು ಸರಿಮಾಡಿಕೊಂಡ.

“ಸರಿ. ನೀರಿಲ್ದೆ ಬರೀ ಸೋಪು ಉಜ್ಜಿದ್ರೆ ಅಂಟು ಬಿಡ್ತೈತಾ? ನಿನ್ ಮಾತ್ರೆಗೂ ನನ್ ಟೀನೇ ಬೇಕಾಯ್ತು ನೋಡು.”

ಲೋಟ ಎತ್ತಿ ಗಟಗಟನೆ ಕುಡಿದ. ಜ್ಯೋತಿಲಕ್ಷ್ಮಿ ತಡೆಹಿಡಿದ ಉಸಿರನ್ನು ಬಿಟ್ಟಳು.

ಅಷ್ಟರಲ್ಲಿ ದೊಡ್ಡೀರಪ್ಪ ಬುಟ್ಟಿಯಲ್ಲಿ ಕೈಯಾಡಿಸಿ ತನ್ನ ಪಟ್ಟಿಯನ್ನು ಹುಡುಕಿ, ಅಂಟಿದ್ದ ಎಳೆಗಳನ್ನು ಕೊಡವಿ, ಅವಳತ್ತ ಚಾಚಿದ.

“ನಂದೂ ಇದ್ರಾಗೇ ಕದಡಿಬಿಡು ತಂಗ್ಯಮ್ಮ. ನೀರಾಗೆ ನುಂಗಿದ್ರೆ ಹೆಸ್ರೆಲ್ಲ ಡಾಕ್ಟ್ರಿಗೆ ಹೋಗ್ತೈತೆ.”