ಹಸಿರು ಮುಚ್ಚಳದ ಬಾಟಲಿ

ಸಮ್ಮೇದ್ ಪ್ರಯೋಗಾಲಯದೊಳಗೆ ಕಾಲಿಟ್ಟ ಕೂಡಲೇ ಅನಿಷಾ ತನ್ನ ಹಸಿರು ಮುಚ್ಚಳದ ಬಾಟಲಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಅವನು ನೋಡಿದ. ನೋಡಿ ನಕ್ಕ. ಅವಳಿಗೆ ಮೈಯೆಲ್ಲ ಉರಿಯಿತು.

“ನಿನ್ನ ನೀರು ನಾನು ಕುಡಿಯುವುದಿಲ್ಲ ಮಾರಾಯ್ತಿ.”

ಕುಡಿದಿದ್ದರೆ ಎಷ್ಟೋ ವಾಸಿಯಿತ್ತು. ಆ ನೀರಿಗೆ ಯಾರೋ ಏನೋ ಬೆರೆಸುತ್ತಿದ್ದರು.

ಮೂಡುಬಿದಿರೆಯ ಆ ಕಾಲೇಜಿನಲ್ಲಿ ಅನಿಷಾಳ ಸಂಶೋಧನೆ ಇಷ್ಟು: ಶುದ್ಧ ನೀರಿನ ಮೇಲೆ ಕಿರುಬೆರಳಿನಷ್ಟು ನೇರಳೆ ಪ್ಲಾಸ್ಮಾ ಜ್ವಾಲೆ ಹಾಯಿಸುವುದು, ಆಗ ನೀರಿನಲ್ಲಿ ಹುಟ್ಟುವ ರ‍್ಯಾಡಿಕಲ್‌ಗಳನ್ನು ಅಳೆಯುವುದು. ಆ ಚುರುಕು ಕಣಗಳು ಕಣ್ಣು ಮಿಟುಕಿಸುವುದರೊಳಗೆ ಹುಟ್ಟಿ ಸಾಯುತ್ತವೆ. ಮೊದಲೇ ಹಾಕಿಟ್ಟ ರಾಸಾಯನಿಕವೊಂದು ಅವನ್ನು ಹಿಡಿದುಕೊಂಡರೆ ಮಾತ್ರ ಯಂತ್ರಕ್ಕೆ ಕಾಣುತ್ತವೆ. ನೀರಿನಲ್ಲಿ ಬೇರೇನಾದರೂ ಕರಗಿದ್ದರೆ ಅದೇ ಅವನ್ನು ನುಂಗಿಬಿಡುತ್ತದೆ.

ಶುದ್ಧೀಕರಣದ ಯಂತ್ರ ರಾತ್ರಿಯಿಡೀ ತೊಟ್ಟಿಕ್ಕಿ ಅವಳಿಗೂ ಜೊತೆಯ ಸಂಶೋಧಕ ಸಮ್ಮೇದ್‌ಗೂ ಒಂದೊಂದು ಬಾಟಲಿ ತುಂಬಿಸುತ್ತಿತ್ತು. ಆ ದಿನದ ಪಾಲು ಅಷ್ಟೇ. ಮೂರು ವಾರದಿಂದ ಅವಳ ನೀರಿನಲ್ಲಿ ಲವಣ. ಸಮ್ಮೇದ್‌ನ ನೀರು ಮಾತ್ರ ಪರಿಶುದ್ಧ.

ಶುರುವಾದ ದಿನವೂ ಅವಳಿಗೆ ನೆನಪಿತ್ತು. ಅವಳ ಲೇಖನ ತಿರಸ್ಕೃತವಾಗಿ ಬಂದಿತ್ತು. ಮೆಟ್ಟಿಲ ಮೇಲೆ ಕುಳಿತು ಅತ್ತಿದ್ದಳು. ಸಮ್ಮೇದ್ ನೋಡಿಯೂ ನೋಡದಂತೆ ದಾಟಿ ಹೋಗಿದ್ದ. ಮರುದಿನದಿಂದಲೇ ಅಳತೆ ಇಳಿಯಿತು. ಅವಳು ಹೆಚ್ಚು ಸಪ್ಪಗಿದ್ದ ದಿನದ ಮರುದಿನ ಇನ್ನಷ್ಟು ಇಳಿಯುತ್ತಿತ್ತು. ಮುಖ ನೋಡಿಯೇ ಆಟವಾಡಿಸುತ್ತಿದ್ದಾನೆ!

ತೋಡಾರಿನಿಂದ ಮೊದಲ ಬಸ್ಸಿಗೆ ಬಂದು ಬಾಗಿಲು ತೆರೆದು ಗುಡಿಸುವ ಖತೀಜಮ್ಮನಿಗೆ ಅವಳು ಗುಟ್ಟಾಗಿ ಹೇಳಿಟ್ಟಳು. “ಆ ಬಾಟಲಿಯ ಮೇಲೆ ಒಂದು ಕಣ್ಣಿಡಿ. ಸಮ್ಮೇದ್ ಮುಟ್ಟುತ್ತಾನಾ ಅಂತ ನೋಡಿ.”

“ಅವನು ಯಾಕೆ ಮುಟ್ಟುತ್ತಾನೆ ಮಗಳೇ? ನಾನಿದ್ದೇನಲ್ಲ, ನೋಡಿಕೊಳ್ತೇನೆ.”

ಪಾಪದ ಹೆಂಗಸು, ಯಾರ ಮೇಲೂ ದೂರು ಹೇಳುವವಳಲ್ಲ ಎಂದುಕೊಂಡಳು ಅನಿಷಾ.

ಆ ಕಟ್ಟಡದಲ್ಲಿ ಅವಳ ಜೊತೆ ಊಟಕ್ಕೆ ಕೂರುತ್ತಿದ್ದವನು ಸಮ್ಮೇದ್ ಒಬ್ಬನೇ. ಈಗ ಅದೂ ಇಲ್ಲ. ಬುತ್ತಿ ಬಿಚ್ಚಿದರೆ ಎದುರಿಗೆ ಗುಂಯ್‌ಗುಡುವ ಯಂತ್ರ. ಮುಂಡಾಜೆಯ ಮನೆಗೆ ಫೋನ್ ಮಾಡಿದರೆ “ಇನ್ನೂ ಮುಗೀಲಿಲ್ಲವಾ?” ಎಂಬ ಒಂದೇ ಪ್ರಶ್ನೆ. ನಾಳೆ ತಾನು ಬರದಿದ್ದರೆ ಇಲ್ಲಿ ಯಾರಿಗೂ ಗೊತ್ತೇ ಆಗುವುದಿಲ್ಲ ಎನಿಸುತ್ತಿತ್ತು.

ಮಾರ್ಗದರ್ಶಕಿ ರಾಜಮತಿ ಮೇಡಂ ಗಡುವು ಕೊಟ್ಟರು. “ಶುಕ್ರವಾರ ನನ್ನೆದುರು ಸರಿಯಾದ ಅಳತೆ ಬರಬೇಕು. ಇಲ್ಲದಿದ್ದರೆ ಈ ಕೆಲಸ ಇಲ್ಲಿಗೇ ನಿಲ್ಲಿಸುವ.”

ನಾಲ್ಕು ವರ್ಷದ ಕೆಲಸ. ಅನಿಷಾ ಬಾಯಿಬಿಟ್ಟಳು. ಸಮ್ಮೇದ್‌ನ ಹೆಸರು ಹೇಳಿದಳು.

ಗುರುವಾರ ಅವನನ್ನು ಬೇರೆ ವಿಭಾಗಕ್ಕೆ ಕಳಿಸಿದರು. ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡು ಬಾಗಿಲ ಬಳಿ ನಿಂತ. “ನನ್ನನ್ನೇ ಕೇಳಬಹುದಿತ್ತಲ್ಲ ಅನಿಷಾ.” ಅವಳು ಬಾಟಲಿಯ ಮುಚ್ಚಳ ಬಿಗಿ ಮಾಡಿದಳು. ಇಡೀ ದಿನ ಒಬ್ಬಳೇ ಕುಳಿತಿದ್ದಳು. ಗೆದ್ದೆ ಎಂದು ಯಾರಿಗೆ ಹೇಳುವುದು? ಕಣ್ಣು ಮತ್ತೆ ತುಂಬಿ ಬಂತು. ಕಸ ತೆಗೆಯಲು ಬಂದ ಖತೀಜಮ್ಮ ಬಾಗಿಲಲ್ಲೇ ನಿಂತು ನೋಡಿ, ಸದ್ದಿಲ್ಲದೆ ಹಿಂದೆ ಸರಿದರು.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಮೇಡಂ ಬಂದರು. ಸಮ್ಮೇದ್ ಇಲ್ಲ, ಇನ್ನು ಭಯವಿಲ್ಲ. ಅನಿಷಾ ಧೈರ್ಯವಾಗಿ ಪ್ಲಾಸ್ಮಾ ಹಾಯಿಸಿದಳು, ಮಾದರಿಯನ್ನು ಯಂತ್ರಕ್ಕಿಟ್ಟಳು. ಪರದೆಯ ಮೇಲೆ ಗೆರೆ ಏಳಲೇ ಇಲ್ಲ. ಮೂರು ವಾರಗಳಲ್ಲೇ ಅತಿ ಕೆಟ್ಟ ಅಳತೆ.

ಮೇಡಂ ಕನ್ನಡಕ ತೆಗೆದರು. “ಈಗ ಯಾರ ಹೆಸರು ಹೇಳ್ತೀ?”

ಅವರು ಹೊರಟುಹೋದರು. ಅನಿಷಾ ಸ್ಟೂಲಿನ ಮೇಲೆ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು. ಖತೀಜಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿ ಬಂದು ಅವಳ ತಲೆ ನೇವರಿಸಿದರು. ಎಷ್ಟು ತಿಂಗಳಾಗಿತ್ತೋ ಯಾರಾದರೂ ಅವಳನ್ನು ಹಾಗೆ ಮುಟ್ಟಿ.

“ಅಳಬೇಡ ಮಗಳೇ, ಎಲ್ಲ ಸರಿಯಾಗ್ತದೆ. ಅವತ್ತು ನೀನು ಮೆಟ್ಟಿಲಲ್ಲಿ ಅತ್ತದ್ದು ನೋಡಿದಾಗಿನಿಂದ ದಿನಾ ನಿನ್ನ ನೀರಿಗೆ ಸ್ವಲ್ಪ ಸ್ವಲ್ಪ ಹಾಕ್ತಾ ಬಂದೆ, ಇವತ್ತು ಉಳಿದದ್ದಷ್ಟನ್ನೂ ಹಾಕಿಬಿಟ್ಟೆ. ಮಕ್ಕಾದ ಝಂಝಂ ಬಾವಿಯ ಪುಣ್ಯದ ನೀರು ಅದು, ನಾನು ಸಾಯುವಾಗ ಬಾಯಿಗೆ ಬಿಡ್ಲಿಕ್ಕೆ ಅಂತ ಇಟ್ಟದ್ದು.”