ಮೂವತ್ತನೆಯ ದಿನದ ಹೊಳಪು

"ಬೇಕಾದ್ರೆ ಮುಖ ನೋಡ್ಕೊಳ್ಳಿ," ಎಂದು ಲ್ಯಾಬಿನ ಅಟೆಂಡರ್ ಪೆನ್ಸಿಲ್ ಗಾತ್ರದ ಕಡ್ಡಿಯೊಂದನ್ನು ಸಂಶೋಧಕಿಯ ಮೂಗಿನ ಮುಂದೆ ಹಿಡಿದರು. "ತುದೀಲಿ ಏನೋ ಕರಿ ಹತ್ಕೊಂಡಿತ್ತು. ಬಿಳೀ ಪುಡಿ ಹಾಕಿ ತಿಕ್ಕಿ ತಿಕ್ಕಿ ಬೆರಳೇ ಸೋತ್ಹೋಯ್ತು."

ಅವಳು ತುದಿಯನ್ನೇ ನೋಡಿದಳು. ಆ ಕರಿಯೇ ಅವಳ ಚಿನ್ನ. ಕಡ್ಡಿಯ ತುದಿಗೆ ಅವಳೇ ಹಾಕಿದ್ದ, ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳ ಲೇಪ; ಕಣ ಅಷ್ಟು ಸಣ್ಣದಾದರೆ ಚಿನ್ನವೂ ಕಪ್ಪಾಗಿ ಕಾಣುತ್ತದೆ. ನಿಂಬೆರಸದಲ್ಲಿ ವಿಟಮಿನ್ ಸಿ ಎಷ್ಟಿದೆಯೆಂದು ಕರೆಂಟಿನ ಏರಿಳಿತದಲ್ಲಿ ಹೇಳುವಂಥದ್ದು. ಒಂದೇ ಲೇಪ ಮೂವತ್ತು ದಿನ ಮಾತು ಬದಲಿಸದೆ ನಿಂತರೆ ಅವಳ ಪ್ರಬಂಧಕ್ಕೆ ಮೋಕ್ಷ. ಇಪ್ಪತ್ತೊಂಬತ್ತು ದಿನ ನಿಂತಿತ್ತು. ಇವತ್ತು ಮೂವತ್ತು.

ಅಟೆಂಡರಿಗೂ ಇವತ್ತೇ ಕೊನೆಯ ದಿನ, ನಿವೃತ್ತಿ. ಬೀಕರುಗಳನ್ನು ತೊಳೆದಿಟ್ಟರೆ ಕಣ್ಣು ಕೋರೈಸುತ್ತಿದ್ದುದರಿಂದ ಅವರಿಗೆ ಥಳಥಳಣ್ಣ ಎಂದೇ ಹೆಸರು. ಹೋಗುವ ಮುಂಚೆ ಎಲ್ಲರ ಮೇಜನ್ನೂ ಒಪ್ಪ ಮಾಡಿಟ್ಟು ಹೋಗೋಣವೆಂದು ಬೆಳಗ್ಗೆ ಏಳಕ್ಕೇ ಬಂದಿದ್ದರು.

"ಚೆನ್ನಾಗಾಯ್ತಾ?"

"ಹೂಂ ಅಣ್ಣ." ಅವಳು ಕಡ್ಡಿಯನ್ನು ಇಸಿದುಕೊಂಡಳು.

ಅಷ್ಟರಲ್ಲಿ ಗೈಡ್ ಬಂದರು. ಅವರಿಗಿಂತ ಮೊದಲು ಅವರ ದನಿ ಬಾಗಿಲು ದಾಟುತ್ತಿತ್ತು. "ಏನಮ್ಮಾ, ಮೂವತ್ತನೇದು ಬಂತೋ, ಇನ್ನೂ ಬಸ್ಸಿಗೆ ಕಾಯ್ತಿದೆಯೋ?"

"ಹಾಳಾಯ್ತು ಸರ್. ನನ್ನ ಕೈಯಿಂದಲೇ..."

"ಯಾವುದು, ಈ ಕಡ್ಡೀನಾ?" ಥಳಥಳಣ್ಣ ಬಾಯಿ ಹಾಕಿದರು. "ಇಲ್ಲ ಸಾರ್, ಈಗ ತಾನೇ ನಾನು ತಿಕ್ಕಿಟ್ಟೆ. ಚೆನ್ನಾಗೇ ಇದೆ."

ಗೈಡ್ ಕಡ್ಡಿಯ ತುದಿಯನ್ನು ನೋಡಿದರು. ಪುಡಿ ಮೆತ್ತಿ ಬೆಳ್ಳಗಾದ ಆ ಬೆರಳುಗಳನ್ನೂ ನೋಡಿದರು. ಅವಳು ಗುಡುಗಿಗೆ ಕಿವಿ ಗಟ್ಟಿ ಮಾಡಿಕೊಂಡಳು. ಬಂದದ್ದು ಬರೀ ಒಂದು ಕೆಮ್ಮು.

"ಲೇಪ ಹಾಕೋಕೆ ಮುಂಚೆ ಕಡ್ಡಿ ಹೀಗೇ ಹೊಳೀಬೇಕು. ನೀನು ಉಜ್ಜಿದಾಗ ಒಂದು ದಿನಾನೂ ಇಷ್ಟು ಹೊಳೆದಿಲ್ಲ. ಹೊಸದಾಗಿ ಹಾಕು. ಇವತ್ತು ಒಂದನೇ ದಿನ ಅಂತ ಬರಿ." ಹೇಳಿ, ನಿಲ್ಲದೆ ಹೊರಟುಹೋದರು.

ಅವಳು ದಿನಕ್ಕೊಂದು ಸಾಲು ಅಳತೆ ಬರೆದಿಡುತ್ತಿದ್ದ ಪುಸ್ತಕ ತೆರೆದಳು. ಥಳಥಳಣ್ಣ ಬಗ್ಗಿ ನೋಡಿದರು. ಅವರ ಬೆರಳು ಇಪ್ಪತ್ತೊಂಬತ್ತು ಸಾಲು ಇಳಿದು ಮೂವತ್ತನೆಯದರಲ್ಲಿ ನಿಂತಿತು.

"ಇದೊಂದು ಯಾಕಮ್ಮ ಖಾಲಿ?"

"ನೀವು ಹೋಗ್ತಿದೀರಲ್ಲ ಅಣ್ಣ, ಲ್ಯಾಬಿಗೆ ರಜ."

ಅವರು ನಗಲಿಲ್ಲ. ಖಾಲಿ ಸಾಲನ್ನೊಮ್ಮೆ, ಹೊಳೆಯುವ ತುದಿಯನ್ನೊಮ್ಮೆ ನೋಡಿದರು. ಬೆರಳುಗಳನ್ನು ಪ್ಯಾಂಟಿಗೆ ನಿಧಾನವಾಗಿ ಒರೆಸಿಕೊಂಡರು. ಆಮೇಲೆ ಒಂದು ಚೀಟಿ ಹರಿದು, ದಪ್ಪಕ್ಷರದಲ್ಲಿ 'ಇದನ್ನು ತೊಳೆಯಬಾರದು' ಎಂದು ಬರೆದು, ಕಡ್ಡಿಯ ಡಬ್ಬಿಗೆ ಅಂಟಿಸಿದರು.

"ನಾಳೆಯಿಂದ ನನ್ನ ಜಾಗಕ್ಕೆ ಬರೋನು," ಎಂದರು, "ತುಂಬಾ ಒಳ್ಳೇ ಕೆಲಸಗಾರನಂತಮ್ಮ."